ಎಡಗಡೆಯ ಹೆಸರು

ನಾನು ಓದಿದ್ದು ಅಂತರರಾಷ್ಟ್ರೀಯ ಸಂಬಂಧಗಳು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಈ ಮಾತು ಹೇಳಿದ ದಿನ, ಎದುರುಮನೆಯ ಮುದುಕಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಕೈ ನಿಲ್ಲಿಸಿ, “ಸಂಬಂಧ ಕುದುರ್ಸೋದಕ್ಕೂ ಕಾಲೇಜಿದೆಯೇನೇ? ಹಂಗಾದ್ರೆ ನನ್ ಮೊಮ್ಮಗಳಿಗೂ ಒಂದು ನೋಡವ್ವ” ಅಂದಳು. “ಹಾಗಲ್ಲ ಅಜ್ಜಿ, ದೇಶಕ್ಕೂ ದೇಶಕ್ಕೂ ಇರೋ ಸಂಬಂಧ” ಎಂದು ನಾನು ತಿದ್ದಿದೆ. “ಅದೂ ಅದೇ ಬಿಡು. ಯಾರು ಮೊದ್ಲು ಹೋಗಿ ಕೇಳ್ಬೇಕು, ಯಾರು ಎಲ್ಲಿ ಕೂರ್ಬೇಕು ಅನ್ನೋದೇ ಅಲ್ವಾ?” ಎಂದು ಮತ್ತೆ ಕಂಡಿಕೆ ಸುತ್ತತೊಡಗಿದಳು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ದಿನಾ ಬೆಂಗಳೂರಿನ ಬಸ್ಸಿನಲ್ಲಿ ಜೋತುಬಿದ್ದು ಹೋಗಿ ನಾನು ಕಲಿಯುತ್ತಿದ್ದುದನ್ನು ಆಕೆ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು.

ಅದು ತೊಂಬತ್ತರ ದಶಕ ಆಗತಾನೇ ಶುರುವಾಗಿದ್ದ ಕಾಲ. ನಾನು ಎಂ.ಎ. ಎರಡನೇ ವರ್ಷದಲ್ಲಿದ್ದೆ. ಸೋವಿಯತ್ ಒಕ್ಕೂಟ ಒಡೆದು ಹದಿನೈದು ದೇಶಗಳಾಗಿ ನಮ್ಮ ಪಠ್ಯಪುಸ್ತಕಗಳೆಲ್ಲ ಒಂದೇ ಸಲಕ್ಕೆ ಹಳತಾಗಿದ್ದವು. ಮೇಷ್ಟ್ರು ತರಗತಿಗೆ ಬಂದವರೇ, “ಹೋದ ವಾರ ಬರೆಸಿದ್ದನ್ನ ಹೊಡೆದುಹಾಕಿ, ಆ ದೇಶ ಈಗಿಲ್ಲ” ಅನ್ನುತ್ತಿದ್ದರು. ಈ ಸುದ್ದಿಯನ್ನು ಮನೆಗೆ ಬಂದು ಹೇಳಿದರೆ ಅಪ್ಪ ಮಗ್ಗದ ಮೇಲಿನ ಕಣ್ಣು ತೆಗೆಯದೆ, “ಹದಿನೈದಾ? ಪರವಾಗಿಲ್ಲ, ನಮ್ದು ಎರಡೇ” ಅಂದ.

ನಮ್ಮದು ಎರಡಾಗಿ ನಾಲ್ಕು ವರ್ಷ ದಾಟಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೇ ಅಣ್ಣತಮ್ಮಂದಿರು. ಅಜ್ಜ ಬಿಟ್ಟುಹೋದ ಮನೆಯನ್ನೂ ಪವರ್‌ಲೂಮುಗಳನ್ನೂ ಇಬ್ಬರೂ ನಗುನಗುತ್ತಲೇ ಸಮನಾಗಿ ಭಾಗ ಮಾಡಿಕೊಂಡಿದ್ದರು. “ಜಗಳ ಇಲ್ದೆ ಭಾಗ ಆಗಿದ್ದು ಇದೇ ಮೊದ್ಲು ನೋಡ್ತಿರೋದು” ಎಂದು ಪಂಚಾಯ್ತಿಗೆ ಬಂದ ಹಿರಿಯರು ಬೇಸರದಿಂದಲೇ ಎದ್ದುಹೋಗಿದ್ದರಂತೆ. ಜಗಳ ಆದದ್ದು ಆಮೇಲೆ, ಊಟದ ಎಲೆಯ ಮುಂದೆ.

ಭಾಗವಾಗಿ ಆರು ತಿಂಗಳಿಗೆ ಅಪ್ಪ ತನ್ನ ಪಾಲಿನ ಶೆಡ್ಡನ್ನು ಸರಿಮಾಡಿಸಿ ಪೂಜೆ ಇಟ್ಟುಕೊಂಡ. ಪಕ್ಕದ ಬಾಗಿಲಲ್ಲೇ ಇದ್ದ ಚಿಕ್ಕಪ್ಪನಿಗೂ ಊರವರಿಗೆಲ್ಲ ಕೊಟ್ಟ ಹಾಗೆ ಕಾರ್ಡು ಕೊಟ್ಟ. ಚಿಕ್ಕಪ್ಪ ಹೊಸ ಪಂಚೆ ಉಟ್ಟು ಬಂದು ಮೊದಲನೇ ಪಂಕ್ತಿಯಲ್ಲಿ ಕೂತ. ಎಲೆಗೆ ಉಪ್ಪು, ಕೋಸಂಬರಿ ಬಿದ್ದಾಗಿತ್ತು. ಅಷ್ಟರಲ್ಲಿ ಅಪ್ಪ ಓಡೋಡಿ ಬಂದು ಅವನ ಭುಜ ತಟ್ಟಿ, “ಲೇ, ಏಳೋ, ನೀನು ಆಮೇಲೆ ಕೂತ್ಕೊಳೋವಂತೆ, ನೆಂಟರು ನಿಂತವ್ರೆ” ಅಂದ. ಮನೆಯವರು ಕೊನೆಯಲ್ಲಿ ಉಣ್ಣುವುದು ನಮ್ಮ ಕಡೆಯ ರೂಢಿ. ಅಪ್ಪ ಅವನನ್ನು ಮನೆಯವನೆಂದೇ ಎಬ್ಬಿಸಿದ್ದ. ಚಿಕ್ಕಪ್ಪ ತಿಳಿದದ್ದು ಬೇರೆ. ಭಾಗವಾಗಿ, ಕಾರ್ಡು ಕೊಟ್ಟು ಕರೆಸಿಕೊಂಡ ಮೇಲೆ ತಾನು ಅತಿಥಿ. ಅತಿಥಿಯನ್ನು ಎಲೆ ಮುಂದಿನಿಂದ ಎಬ್ಬಿಸುವುದೆಂದರೆ ನಾಲ್ಕು ಜನರೆದುರು ಕೆನ್ನೆಗೆ ಹೊಡೆದ ಹಾಗೆ. ಅವನು ಎದ್ದ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಮಾರನೇ ದಿನವೇ ಹಿತ್ತಲಿನ ನಡುವೆ ಇಟ್ಟಿಗೆ ಬಂದು ಬಿತ್ತು.

“ಮನೆಯೋನು ಅಂತ ತಾನೇ ಎಬ್ಸಿದ್ದು?” ಎಂಬುದು ಅಪ್ಪನ ವಾದ. “ಮನೆಯೋನಾಗಿದ್ರೆ ಕಾರ್ಡ್ ಯಾಕೆ ಕೊಟ್ಟ?” ಎಂಬುದು ಚಿಕ್ಕಪ್ಪನದು. ಒಂದು ರಾಜ್ಯ ಒಡೆದು ಬೇರೆಯಾದರೆ ಹಳೆಯ ಹಕ್ಕುಗಳು ಯಾರ ಪಾಲಿಗೆ ಎಂಬುದರ ಮೇಲೆ ನನ್ನ ಎಂ.ಎ. ಪುಸ್ತಕದಲ್ಲಿ ಇಡೀ ಒಂದು ಅಧ್ಯಾಯವಿತ್ತು. ಅದನ್ನು ಮೂರು ಸಲ ಓದಿದೆ. ಎಲೆಯ ಮುಂದಿನಿಂದ ಎದ್ದುಹೋದವನ ವಿಷಯ ಅದರಲ್ಲಿ ಎಲ್ಲೂ ಸಿಗಲಿಲ್ಲ.

ಗೋಡೆ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಇಟ್ಟಿಗೆ ಮುಗಿಯಿತೋ ಕೋಪ ಮುಗಿಯಿತೋ ತಿಳಿಯದು. ನಲ್ಲಿ ನಮ್ಮ ಕಡೆಗೆ ಉಳಿಯಿತು, ಒರಳುಕಲ್ಲು ಅವರ ಕಡೆಗೆ. ಗಂಡಸರು ಮಾತು ಬಿಟ್ಟರು. ಹೆಂಗಸರು ವ್ಯವಹಾರ ಬಿಡಲಿಲ್ಲ. ಅಮ್ಮ ಬೆಳಿಗ್ಗೆ ನೆನೆಸಿದ ಅಕ್ಕಿ ಉದ್ದನ್ನು ಗೋಡೆಯಾಚೆ ದಾಟಿಸಿದರೆ ಸಂಜೆಗೆ ಅದು ಹಿಟ್ಟಾಗಿ ವಾಪಸ್ಸು ಬರುತ್ತಿತ್ತು. ಅದೇ ಗೋಡೆಯ ಮೇಲಿನಿಂದ ನೀರಿನ ಕೊಡ ಚಿಕ್ಕಮ್ಮನ ಸೊಂಟಕ್ಕೆ ಹೋಗುತ್ತಿತ್ತು. ಒಂದೇ ಹಿಟ್ಟಿನ ಇಡ್ಲಿಯನ್ನು ಎರಡು ಮನೆಯಲ್ಲಿ ತಿಂದು ಅಣ್ಣತಮ್ಮಂದಿರಿಬ್ಬರೂ, “ಆ ಮನೆ ನೀರೂ ನಂಗ್ಬೇಡ” ಅನ್ನುತ್ತಿದ್ದರು. ರಾಯಭಾರ ಕಡಿದುಕೊಂಡ ದೇಶಗಳು ಕೂಡ ವ್ಯಾಪಾರ ಕಡಿದುಕೊಳ್ಳುವುದಿಲ್ಲ ಎಂದು ಮೇಷ್ಟ್ರು ಹೇಳಿದಾಗ, ಇಡೀ ತರಗತಿಯಲ್ಲಿ ಜೋರಾಗಿ ನಕ್ಕವಳು ನಾನೊಬ್ಬಳೇ.

ಅಪ್ಪನ ತಾಯಿ, ನಮ್ಮಜ್ಜಿ, ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಅಮಾವಾಸ್ಯೆ ಕಳೆದ ಮಾರನೇ ದಿನ ತನ್ನ ತಗಡಿನ ಟ್ರಂಕು ಹೊರಿಸಿಕೊಂಡು ಬೀದಿಯ ಮೇಲಿಂದಲೇ, ಎಲ್ಲರೂ ನೋಡುವ ಹಾಗೆ, ಮನೆ ಬದಲಾಯಿಸುತ್ತಿದ್ದಳು. ಆ ಟ್ರಂಕಿನಲ್ಲಿ ಈ ಮನೆಯ ಚಕ್ಕುಲಿ ಆ ಮನೆಗೆ, ಆ ಮನೆಯ ಕೊಬ್ಬರಿ ಮಿಠಾಯಿ ಈ ಮನೆಗೆ ಸಾಗುತ್ತಿತ್ತೆಂದು ಎಲ್ಲರಿಗೂ ಗೊತ್ತು. ತೆರೆದು ನೋಡುವ ಧೈರ್ಯ ಇಬ್ಬರು ಮಕ್ಕಳಿಗೂ ಇರಲಿಲ್ಲ. ರಾಯಭಾರಿಯ ಚೀಲವನ್ನು ಯಾವ ದೇಶವೂ ಬಿಚ್ಚಿಸುವಂತಿಲ್ಲವೆಂಬ ಕಾನೂನನ್ನು ನಾನು ಪರೀಕ್ಷೆಗೆ ಉರುಹೊಡೆಯಬೇಕಾಗಲೇ ಇಲ್ಲ.

ಅಕ್ಕನಿಗೆ ಇಲ್ಲೇ ಹತ್ತಿರದ ವಿಜಯಪುರದ ಗಂಡು ಗೊತ್ತಾಯಿತು. ರೇಷ್ಮೆ ಹುರಿ ಮಾಡುವ ಮನೆ, ಹುಡುಗ ಸಾಧು. ವೀಳ್ಯಶಾಸ್ತ್ರದ ದಿನ ಬೀಗರ ಕಡೆಯ ಹಿರಿಯರೊಬ್ಬರು ಎಲೆಗೆ ಸುಣ್ಣ ಸವರುತ್ತ, “ತಮ್ಮೋರು ಕಾಣಿಸ್ಲಿಲ್ವಲ್ಲ?” ಅಂದರು. “ಧರ್ಮಾವರಕ್ಕೆ ಹೋಗವ್ನೆ, ನೂಲಿನ ಕೆಲ್ಸ” ಅಂದ ಅಪ್ಪ. ಸರಿಯಾಗಿ ಅದೇ ಗಳಿಗೆಗೆ ಗೋಡೆಯಾಚೆಯ ಮಗ್ಗ ನಿಂತು, ಚಿಕ್ಕಪ್ಪ ಕೆಮ್ಮಿದ. ಅವನ ಕೆಮ್ಮು ಬೀದಿಗೆಲ್ಲ ಪರಿಚಿತ; ಮೂರು ಸಣ್ಣದು, ಕೊನೆಗೊಂದು ದೊಡ್ಡದು. ನಮ್ಮವರೆಲ್ಲರ ಕಣ್ಣು ಒಟ್ಟಿಗೇ ಗೋಡೆಯ ಕಡೆ ಹೊರಳಿತು. ಬೀಗರು ಎಲೆಯನ್ನು ನಿಧಾನವಾಗಿ ಮಡಿಸಿ, “ಪರವಾಗಿಲ್ಲ, ಧರ್ಮಾವರ ಬಹಳ ಹತ್ರ ಬಂದ್ಬಿಟ್ಟಿದೆ” ಅಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ, ಕಿವಿ ಮಾತ್ರ ಕೆಂಪಗಾಗಿತ್ತು. ಅಕ್ಕ ನಗಲಿಲ್ಲ.

ಅವರೆಲ್ಲ ಹೋದ ಮೇಲೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಚಿಕ್ಕಪ್ಪನಿಗೆ ಮಕ್ಕಳಿರಲಿಲ್ಲ, ಅಕ್ಕನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನು. ಅವಳಿಗೆ ಅಕ್ಷರ ಬರುವ ಮೊದಲು ಹಾಸು ಯಾವುದು ಹೊಕ್ಕು ಯಾವುದು ಎಂದು ಕಲಿಸಿದ್ದೂ ಅವನೇ. ಏನನ್ನೂ ಕೇಳಿದವಳಲ್ಲ ನಮ್ಮಕ್ಕ. ಹಬ್ಬಕ್ಕೆ ಯಾವ ಬಣ್ಣದ ಬಟ್ಟೆ ಬೇಕೆಂದರೆ “ಯಾವುದಾದ್ರೂ ಸರಿ” ಅನ್ನುವವಳು. ಅವತ್ತು ಅವಳು, “ನಾನೇ ಹೋಗಿ ಚಿಕ್ಕಪ್ಪನ್ನ ಕೇಳ್ದೆ ಕಣೇ. ನಿಮ್ಮಪ್ಪ ಕರೀಲಿ, ಬರ್ತೀನಿ ಅಂದ. ಅಪ್ಪ ಕರಿಯಲ್ಲ. ಚಿಕ್ಕಪ್ಪ ಎದುರಿಗಿಲ್ದೆ ನಾನು ಹಸೆಮಣೆ ಹತ್ತಲ್ಲ. ನೀನು ಅಷ್ಟು ಓದಿದೀಯಲ್ಲ, ಏನಾದ್ರೂ ಮಾಡು” ಅಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಹೀಗೆ ನಾನು ರಾಯಭಾರಿಯಾದೆ. ಹೆಣ್ಣುಮಕ್ಕಳಿಗೆ ಆ ಗೋಡೆ ಇರಲೇ ಇಲ್ಲವಾದ್ದರಿಂದ ಹೋಗಿಬರುವುದಕ್ಕೆ ತೊಂದರೆಯಿಲ್ಲ. ತೊಂದರೆ ಮಾತಿನದು. “ಬರೋದಾದ್ರೆ ಬರ್ಲಿ, ಬಾಗಿಲೇನು ಮುಚ್ಚಿಲ್ವಲ್ಲ” ಅಂದ ಅಪ್ಪ. ಇದನ್ನು ಹಾಗೇ ಒಯ್ದರೆ ಯುದ್ಧ ಖಂಡಿತ. ಅಜ್ಜಿಯ ಬಳಿ ಹೋದೆ. ಅವಳು ಅಡಿಕೆ ಕತ್ತರಿಸುತ್ತ, “ಸುಳ್ಳು ಹೇಳ್ಬೇಡ. ಒಣ ನೂಲು ಕಿತ್ತೋಗುತ್ತೆ, ಒಂಚೂರು ಒದ್ದೆ ಮಾಡ್ಕೊಂಡು ಹೇಳು” ಅಂದಳು. ಚಿಕ್ಕಪ್ಪನ ಮನೆಗೆ ಹೋಗಿ, “ಬಾಗಿಲು ನಿನಗೋಸ್ಕರ ತೆರೆದೇ ಇದೆಯಂತೆ ಚಿಕ್ಕಪ್ಪ” ಅಂದೆ. “ಬಾಗಿಲು ಕರೀತದೇನೇ? ಅಣ್ಣಂಗೆ ಬಾಯಿಲ್ವಾ?” ಅಂದ ಚಿಕ್ಕಪ್ಪ. ನಾನು ವಾಪಸ್ಸು ಬಂದು, “ನಿನ್ನ ಬಾಯಿಂದ ಕೇಳ್ಬೇಕು ಅಂತ ಕಾಯ್ತಿದಾನಪ್ಪ” ಅಂದೆ. ಅಪ್ಪ ಮೀಸೆ ತಿರುವಿ, “ಕಾಯ್ತಿದಾನಾ?” ಎಂದು ಕೇಳಿದ. ಆ ಒಂದು ಪ್ರಶ್ನೆಗೆ ನಾನು ನಾಲ್ಕು ದಿನ ಹಿಗ್ಗಿದೆ. ಜಗತ್ತಿನ ಯಾವ ರಾಜಧಾನಿಗೆ ಕಳಿಸಿದರೂ ನಿಭಾಯಿಸಿ ಬರುತ್ತೇನೆಂಬ ಜಂಭ ಬಂದುಬಿಟ್ಟಿತ್ತು.

ಜಂಭ ಇಳಿದದ್ದು ಮದುವೆ ಕಾರ್ಡು ಬರೆಯಲು ಕೂತಾಗ. ಕೆಳಗೆ ‘ತಮ್ಮ ಸುಖಾಗಮನವನ್ನು ಬಯಸುವ’ ಎಂಬಲ್ಲಿ ತಮ್ಮನ ಹೆಸರೂ ಇರಲಿ ಎಂದು ಅಪ್ಪ ಒಪ್ಪಿದ್ದ. “ನನ್ನ ಹೆಸರಿನ ಕೆಳಗೆ ಅವನದು” ಅಂದ. ಅದನ್ನು ಚಿಕ್ಕಪ್ಪನಿಗೆ ಎಷ್ಟು ಒದ್ದೆ ಮಾಡಿ ಹೇಳಿದರೂ ಇಳಿಯಲಿಲ್ಲ. “ನಡುವೆ ‘ಇವರ ಜ್ಯೇಷ್ಠ ಪುತ್ರಿ’ ಅಂತ ಅಣ್ಣನ ಹೆಸರು ದಪ್ಪಕ್ಷರದಲ್ಲಿ ಬಂದೇ ಬರುತ್ತೆ. ಕೆಳಗೆ ಕರೆಯೋರ ಜಾಗದಲ್ಲೂ ಅವನೇ ಮೇಲಾ? ನಾನೇನು ‘ಮತ್ತು ಬಂಧುವರ್ಗ’ದೋನಾ?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಮೇಲೆ ಕೆಳಗೆ ಬೇಡ, ಪಕ್ಕಪಕ್ಕದಲ್ಲಿ ಹಾಕಿಸೋಣ ಎಂದು ಒಂದು ವಾರ ಓಡಾಡಿ ಇಬ್ಬರನ್ನೂ ಒಪ್ಪಿಸಿದೆ. ಒಪ್ಪಿದ ಮೇಲೆ ಅಪ್ಪ, “ಓದೋದು ಎಡದಿಂದ ತಾನೆ? ಎಡಗಡೆ ನಾನು, ಹಿರಿಯ” ಅಂದ. ಗೋಡೆಯಾಚೆ ಹೋದರೆ ಚಿಕ್ಕಪ್ಪ, “ಓದೋದು ಎಡದಿಂದ ತಾನೆ? ಎಡಗಡೆ ನಾನು. ಅವನದು ಮೇಲೆ ಒಂದ್ಸಲ ಬಂದಾಗಿದೆ” ಅಂದ. ಇಬ್ಬರೂ ಒಬ್ಬಳೇ ತಾಯಿಯ ಮಕ್ಕಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. “ಉರ್ದುವಿನಲ್ಲಿ ಅಚ್ಚು ಹಾಕಿಸ್ಬಿಡೋಣ ಅಜ್ಜಿ, ಅದನ್ನ ಬಲದಿಂದ ಓದ್ತಾರೆ” ಅಂದೆ. ಅಜ್ಜಿ ನಗುವಿನಲ್ಲಿ ಎಲೆಅಡಿಕೆ ಉಗುಳಬೇಕಾಯಿತು.

ಬಿಡಿಸಿಕೊಳ್ಳುವ ದಾರಿ ಸಿಕ್ಕಿದ್ದು ತರಗತಿಯಲ್ಲಿ. ಮೇಷ್ಟ್ರು ಅವತ್ತು ಒಪ್ಪಂದಗಳ ಪಾಠ ಮಾಡುತ್ತಿದ್ದರು. ಹಳೆಯ ಕಾಲದ ರಾಜರು ಯುದ್ಧ ಮುಗಿಸಿ ಸಂಧಾನಕ್ಕೆ ಕೂತರೆ ಊರು ಬಿಟ್ಟುಕೊಡಲು ಹಿಂದೆಮುಂದೆ ನೋಡುತ್ತಿರಲಿಲ್ಲವಂತೆ, ಆದರೆ ಕಾಗದದಲ್ಲಿ ಯಾರ ಹೆಸರು ಮೊದಲು ಎಂಬಲ್ಲಿ ಎಲ್ಲ ನಿಂತುಹೋಗುತ್ತಿತ್ತಂತೆ. ಅದಕ್ಕೊಂದು ಉಪಾಯ ಹುಡುಕಿದರು. ಒಪ್ಪಂದವನ್ನು ಎರಡು ಪ್ರತಿ ಬರೆಯುವುದು. ಒಂದರಲ್ಲಿ ಈ ರಾಜನ ಹೆಸರು ಮೊದಲು, ಇನ್ನೊಂದರಲ್ಲಿ ಆ ರಾಜನದು. ತನ್ನ ಹೆಸರು ಮೊದಲಿರುವ ಪ್ರತಿಯನ್ನು ಅವರವರು ಇಟ್ಟುಕೊಳ್ಳುವುದು. ಈಗಲೂ ದೇಶಗಳು ಹೀಗೇ ಮಾಡುತ್ತವೆ ಅಂದರು. ಅದಕ್ಕೆ ಫ್ರೆಂಚಿನಲ್ಲಿ ‘ಆಲ್ಟರ್ನಾ’ ಅಂತ ಹೆಸರು; ಬರೆಯುವಾಗ ಕೊನೆಗೊಂದು ಟಕಾರ ಉಂಟು, ಬಾಯಲ್ಲಿ ಇಲ್ಲ. ನಾನು ಎದ್ದು ನಿಂತೆ. “ಸಾರ್, ಇದು ಮದುವೆ ಕಾರ್ಡಿಗೂ ಆಗುತ್ತಾ?” ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. “ಎಷ್ಟು ಪಕ್ಷ?” ಎಂದು ಕೇಳಿದರು. “ಎರಡು ಸಾರ್.” “ಹಾಗಾದ್ರೆ ಆಗುತ್ತೆ, ಕೂತ್ಕೋ” ಅಂದರು.

ಸಂಜೆ ಬಸ್ಸಿಳಿದವಳೇ ನೇರವಾಗಿ ಪ್ರೆಸ್ಸಿಗೆ ಹೋದೆ. ಅರ್ಧ ಕಾರ್ಡಿನಲ್ಲಿ ಅಪ್ಪನ ಹೆಸರು ಎಡಗಡೆ, ಇನ್ನರ್ಧದಲ್ಲಿ ಚಿಕ್ಕಪ್ಪನದು. ಅಚ್ಚುಮೊಳೆ ಜೋಡಿಸುತ್ತಿದ್ದಾತ ತಲೆಯೆತ್ತಿ, “ಒಂದೇ ಮದ್ವೆಗೆ ಎರಡು ಥರ ಕಾರ್ಡಾ? ಎಷ್ಟು ಜನ ಗಂಡುಗಳಮ್ಮಾ?” ಅಂದ. ಎರಡು ಹೆಸರು ಅದಲುಬದಲು ಮಾಡುವುದು ಅವನಿಗೆ ಎರಡು ನಿಮಿಷದ ಕೆಲಸ. ನಾನು ಅಪ್ಪನಿಗೆ “ನಿನ್ನ ಹೆಸರೇ ಎಡಗಡೆ ಬರುತ್ತೆ” ಅಂದೆ. ಚಿಕ್ಕಪ್ಪನಿಗೂ ಅದನ್ನೇ ಅಂದೆ. ಎರಡೂ ನಿಜವೇ. ಇಬ್ಬರು ರಾಜರಿಗೂ ಎರಡು ಪ್ರತಿಯ ವಿಷಯ ಗೊತ್ತಿದ್ದರೆ ಮಾತ್ರ ಅದು ಆಲ್ಟರ್ನಾ ಎಂಬುದನ್ನು ನಾನು ಜಾಣತನದ ಭರದಲ್ಲಿ ಬದಿಗಿಟ್ಟಿದ್ದೆ. ಯಾವ ಬೀದಿಗೆ ಯಾರು ಹಂಚಬೇಕೆಂದು ಪಟ್ಟಿ ಕೂಡ ಮಾಡಿದ್ದೆ, ಒಂದು ಥರದ ಕಾರ್ಡು ಇನ್ನೊಂದನ್ನು ಎಲ್ಲೂ ಸಂಧಿಸದ ಹಾಗೆ.

ಇಷ್ಟಾದರೂ ಅಕ್ಕನ ಕೆಲಸ ಪೂರ್ತಿಯಾಗಿರಲಿಲ್ಲ. “ಹೆಸರು ಹಾಕ್ಸಿದ್ದಕ್ಕೆ ಕಾರ್ಡು ಹಂಚ್ತೀನಿ. ಧಾರೆಗೆ ಬರೋದು ಅಣ್ಣ ಬಂದು ಬಾಯ್ತುಂಬ ಕರೆದ್ರೆ” ಅಂದ ಚಿಕ್ಕಪ್ಪ. “ಹೆಸರು ಹಾಕ್ಸಿದೀನಲ್ಲ, ಇನ್ನು ಕರೆಯೋದೇನು? ಮನೆಯೋನನ್ನ ಯಾರಾದ್ರೂ ಕರೀತಾರಾ?” ಅಂದ ಅಪ್ಪ. ತಿರುಗಿ ಬಂದು ನಿಂತದ್ದು ಅದೇ ಎಲೆಯ ಮುಂದೆ. ಮದುವೆಗೆ ಮೂರು ವಾರ ಉಳಿದಿತ್ತು. ಅಕ್ಕ ದಿನಾ ಸಂಜೆ ನನ್ನ ಮುಖ ನೋಡುತ್ತಿದ್ದಳು.

ಒಂದು ಶುಕ್ರವಾರ ಕಾರ್ಡು ಬಂತು. ಎರಡು ಕಟ್ಟನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ಗುರುತಿಗೆ ಅಪ್ಪನ ಕಟ್ಟಿನ ಮೇಲೆ ಅರಿಶಿನದ ಬೊಟ್ಟು, ಚಿಕ್ಕಪ್ಪನ ಕಟ್ಟಿನ ಮೇಲೆ ಕುಂಕುಮದ ಬೊಟ್ಟು ಇಟ್ಟೆ. ಮಂಗಳಕರವೂ ಆಯಿತು, ಗುರುತೂ ಆಯಿತು ಎಂದು ಹೆಮ್ಮೆಪಟ್ಟುಕೊಂಡು ದೇವರ ಮುಂದಿಟ್ಟು ಬಸ್ಸು ಹತ್ತಿದೆ. ಸಂಜೆ ಬಂದು ನೋಡುತ್ತೇನೆ, ಪೇಪರು ಒಲೆಗೆ ಹೋಗಿತ್ತು. ಅಜ್ಜಿ, ಅಮ್ಮ, ಚಿಕ್ಕಮ್ಮ ಮೂವರೂ ನಡುಮನೆಯಲ್ಲಿ ಚಾಪೆ ಹಾಸಿ, ಎಲ್ಲ ಕಾರ್ಡುಗಳನ್ನು ಒಟ್ಟಿಗೆ ಹರಡಿ, ಒಂದೊಂದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಕಣ್ಣಂದಾಜಿನಲ್ಲಿ ಎರಡು ಪಾಲು ಮಾಡಿ, ಅತ್ತ ಒಂದು ಇತ್ತ ಒಂದು ಕಳಿಸಿ ಕೈ ತೊಳೆದುಕೊಂಡಿದ್ದರು. ನಾನು ಗೋಡೆಗೊರಗಿ ಕೂತುಬಿಟ್ಟೆ. “ಬಿಸಿಲಿಗೆ ಸುಸ್ತಾಗೈತೆ ಮಗೀಗೆ, ಮಜ್ಜಿಗೆ ಕೊಡೇ” ಅಂದಳು ಅಜ್ಜಿ.

ಅಜ್ಜಿ ಬೇಕೆಂದೇ ಕಲಸಿದಳು ಎಂದು ಕಥೆ ಕಟ್ಟುವ ಆಸೆ ನನಗೂ ಆಗಿದೆ. ಇಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ. ಅರಿಶಿನ ಹಚ್ಚದ ಮದುವೆ ಕಾಗದ ಸಾವಿನ ಕಾಗದದ ಲೆಕ್ಕ ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು. ಅಮ್ಮನಿಗೆ ಓದಲು ಬರುತ್ತಿತ್ತು, ಆದರೆ ತನ್ನ ಮಗಳ ಮದುವೆ ಕಾರ್ಡನ್ನು ಯಾವ ತಾಯಿ ಓದುತ್ತಾಳೆ? ಮೇಲಿನ ಗಣಪತಿಯನ್ನು ನೋಡುತ್ತಾಳೆ, ಮಗಳ ಹೆಸರು ನೋಡುತ್ತಾಳೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಬೇರೆ ಮಾಡೋಣವೆಂದರೆ ಅಪ್ಪ ಆಗಲೇ ಕಾರ್ಡುಗಳ ಚೀಲವನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಹೊರಟಾಗಿತ್ತು. ಚಿಕ್ಕಪ್ಪ ಅವನಿಗಿಂತ ಅರ್ಧ ಗಂಟೆ ಮೊದಲೇ ಹೋಗಿದ್ದ.

ಐದು ದಿನ ಏನೂ ಆಗಲಿಲ್ಲ. ಆರನೇ ದಿನ ಅಪ್ಪ ಮಾರ್ಕೆಟ್ಟಿನ ಕಡೆಯಿಂದ ಬಂದವನು ಚಪ್ಪಲಿ ಬಿಡದೆ ಒಳಗೆ ನುಗ್ಗಿ, ಉಳಿದಿದ್ದ ಕಾರ್ಡುಗಳನ್ನೆಲ್ಲ ಮಂಚದ ಮೇಲೆ ಸುರಿದ. ಒಂದೊಂದನ್ನೇ ಬಿಡಿಸಿ ಓದಿ ಎರಡು ಸಾಲು ಮಾಡಿದ. ಆಮೇಲೆ ನನ್ನನ್ನು ಕೂಗಿದ. ಒದ್ದೆ ಮಾಡಲು ನೀರೇ ಉಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರಾಜರ ಕಥೆ, ಎರಡು ಪ್ರತಿ, ಅರಿಶಿನದ ಬೊಟ್ಟು, ಕುಂಕುಮದ ಬೊಟ್ಟು, ಫ್ರೆಂಚ್ ಹೆಸರು ಕೂಡ. “ನಿನ್ನ ಬೆಂಗಳೂರಿಗೆ ಕಳ್ಸಿ ಓದ್ಸಿದ್ದು ಅಪ್ಪಂಗೇ ಟೋಪಿ ಹಾಕೋಕಾ?” ಎಂದು ಅವನು ಗುಡುಗಿದ್ದು ಬೀದಿಗೆ ಕೇಳಿರಬೇಕು. ನಾನು ಅಳತೊಡಗಿದೆ. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು.

ಅಪ್ಪ ಮಂಚದ ತುದಿಗೆ ಕೂತ. “ಟೀ ಅಂಗಡೀಲಿ ನಮ್ಮ ಹಿರೀಕರೊಬ್ರು ಸಿಕ್ಕಿದ್ರು” ಎಂದು ಶುರುಮಾಡಿದ, ಸ್ವರ ಇಳಿದಿತ್ತು. “ದೊಡ್ಡ ಮನುಷ್ಯ ಕಣಪ್ಪ ನೀನು, ಅಣ್ಣ ಆಗಿ ತಮ್ಮನ ಹೆಸರು ಮುಂದಿಟ್ಟಿದೀಯ, ಇಂಥೋನು ಈ ಊರಲ್ಲಿ ಇನ್ನೊಬ್ಬ ಇಲ್ಲ ಅಂದ್ರು. ಅಂಗಡಿ ತುಂಬ ಜನ. ನಾನು ಹಂಗಲ್ಲ ಅಂತ ಹೇಳ್ಲಿಲ್ಲ ಕಣೇ. ಸುಮ್ನೆ ಟೀ ಕುಡಿದು ಬಂದ್ಬಿಟ್ಟೆ.” ಸೀರೆಯಲ್ಲಿ ಒಂದೆಳೆ ತಪ್ಪಿದ್ದರೂ ತಾನೇ ಬೆರಳಿಟ್ಟು ತೋರಿಸಿ ಮಾರುವ ಮನುಷ್ಯ ನಮ್ಮಪ್ಪ. ಮಾಡದ ಕೆಲಸಕ್ಕೆ ಹೊಗಳಿಸಿಕೊಂಡದ್ದು ಅವನಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎರಡು ಸಾಲನ್ನೂ ಬೇರೆಬೇರೆಯಾಗಿ ಜೋಡಿಸಿಟ್ಟು ಅಮ್ಮನ ಕಡೆ ತಿರುಗಿ, “ಸೋಮವಾರ ರಾಹುಕಾಲ ಮುಗೀಲಿ, ಬೆಳ್ಳಿ ತಟ್ಟೆ ತೊಳೆದಿಡು” ಅಂದ. ಅಮ್ಮ ಆಗಲೇ ತಟ್ಟೆ ತೆಗೆಯಲು ಬೀರುವಿನ ಕಡೆ ಹೊರಟಿದ್ದಳು.

ಚಿಕ್ಕಪ್ಪನ ಮುಂದೆಯೂ ತಪ್ಪೊಪ್ಪಿಕೊಂಡುಬಿಡೋಣ ಎಂದು ಅವತ್ತು ಸಂಜೆಯೇ ಹೋದೆ. ಆ ತಿಂಗಳು ಅಲ್ಲಿದ್ದ ಅಜ್ಜಿ ಜಗುಲಿಯಲ್ಲೇ ನನ್ನನ್ನು ತಡೆದು, “ಅವನಿಗೂ ಯಾರೋ ಏನೋ ಅಂದವ್ರಂತೆ. ಮೂರು ಹೊತ್ತಿನಿಂದ ಕಾರ್ಡು ಇಟ್ಕೊಂಡು ಕೂತವ್ನೆ. ನೀನು ಬಾಯಿ ಮುಚ್ಕೊಂಡು ಹೋಗು” ಎಂದು ವಾಪಸ್ಸು ಕಳಿಸಿದಳು. ಅವನು ಒಳಗೆ ಕೋಪದಲ್ಲಿ ಕುದಿಯುತ್ತಿದ್ದಾನೆ, ಧಾರೆಗಿರಲಿ ಛತ್ರದ ದಾರಿಯನ್ನೂ ತುಳಿಯುವುದಿಲ್ಲ ಎಂದೇ ನಾನು ನಂಬಿದೆ.

ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಎಂಟು ಗಂಟೆಗೇ ಅಪ್ಪ ಬಿಳಿ ಪಂಚೆ ಉಟ್ಟು, ಶಲ್ಯ ಹೊದ್ದು ತಯಾರಾಗಿದ್ದ. ಗಡಿಯಾರದ ಕೆಳಗೆ ಅತ್ತಿಂದಿತ್ತ ನಡೆಯುತ್ತ, ಏನು ಹೇಳಬೇಕೆಂದು ತುಟಿಯಲ್ಲೇ ಬಾಯಿಪಾಠ ಮಾಡುತ್ತಿದ್ದ. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆಅಡಿಕೆ, ಅಕ್ಷತೆ, ಒಂದು ಕಾರ್ಡು. ಆ ಕಾರ್ಡನ್ನು ಅವನು ಮಂಚದ ಮೇಲಿನ ಸಾಲಿನಿಂದ ತಾನೇ ಆರಿಸಿ ತೆಗೆದಿದ್ದ. ಒಂಬತ್ತು ಹೊಡೆಯಿತು. “ತಟ್ಟೆ ನಾನೇ ಹಿಡೀತೀನಿ” ಎಂದು ಎತ್ತಿಕೊಂಡು ಮುಂದೆ ಹೊರಟ. ಹಿಂದೆ ಕುಂಕುಮದ ಬಟ್ಟಲು ಹಿಡಿದ ಅಮ್ಮ, ಅಮ್ಮನ ಹಿಂದೆ ನಾನು.

ನಾವು ಬೀದಿಗೆ ಇಳಿದೆವು. ಪಕ್ಕದ ಬಾಗಿಲೂ ತೆರೆಯಿತು. ಬಿಳಿ ಪಂಚೆ, ಶಲ್ಯ, ಕೈಯಲ್ಲಿ ತಟ್ಟೆ ಹಿಡಿದು ಚಿಕ್ಕಪ್ಪ ಹೊರಬಂದ. ಹಿಂದೆ ಚಿಕ್ಕಮ್ಮ, ಅವಳ ಹಿಂದೆ ಅಜ್ಜಿ. ರಾಹುಕಾಲ ಆ ಗೋಡೆಯ ಎರಡು ಕಡೆಗೂ ಒಂದೇ ಹೊತ್ತಿಗೆ ಮುಗಿಯುತ್ತದೆಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಇಬ್ಬರೂ ಎದುರುಬದುರು ನಿಂತುಬಿಟ್ಟರು. ಎದುರುಮನೆಯವರು ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದರು, ಅವರನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಆಚೆಯವರು. ಹಗಲಿಡೀ ಗದ್ದಲದ ನಮ್ಮ ಬೀದಿ ಒಮ್ಮೆಗೇ ಸದ್ದಡಗಿತು. “ಕರೆಂಟ್ ಹೋಯ್ತೇನ್ರೋ?” ಎಂದು ಯಾರೋ ಒಳಗಿನಿಂದ ಕೂಗಿದರು.

“ಎಲ್ಲಿಗೋ ಹೊರಟೆ?” ಅಂದ ಅಪ್ಪ. ನಾಲ್ಕು ವರ್ಷದಲ್ಲಿ ಅವನು ತಮ್ಮನಿಗೆ ಆಡಿದ ಮೊದಲ ಮಾತು.

“ನಿಮ್ಮನೆಗೇ. ಕರೆಯೋಕೆ.”

“ನನ್ನನ್ನ? ನನ್ ಮಗಳ ಮದ್ವೆಗೆ ನೀನು ನನ್ನ ಕರೆಯೋದಾ?”

“ಅರ್ಧ ಊರು ನನ್ನ ಹೆಸರು ಮುಂದಿರೋ ಕಾರ್ಡು ನೋಡೈತೆ. ಮುಂದಿರೋನು ತಾನೆ ಕರೀಬೇಕು? ಇನ್ನರ್ಧ ಊರು, ಚಿಕ್ಕೋನಾಗಿ ಅಣ್ಣನ ಹೆಸರು ಮುಂದಿಟ್ಟಿದೀಯ ಅಂತ ನನ್ನೇ ಹೊಗಳ್ತು. ನಾನೆಲ್ಲಿ ಇಟ್ಟಿದ್ದೆ ಅಣ್ಣಾ?” ಚಿಕ್ಕಪ್ಪ ತಟ್ಟೆಯನ್ನು ಮುಂದೆ ಚಾಚಿದ. “ಅದಕ್ಕೇ ನಿನ್ನ ಹೆಸರು ಎಡಗಡೆ ಇರೋದನ್ನೇ ಹುಡುಕಿ ತಂದಿದೀನಿ, ನೋಡು.”

ಅಪ್ಪ ತನ್ನ ತಟ್ಟೆಯಲ್ಲಿದ್ದ ಕಾರ್ಡನ್ನು ಹೆಬ್ಬೆರಳಿನಿಂದ ತೆರೆದು ತೋರಿಸಿದ. ಎಡಗಡೆ ಚಿಕ್ಕಪ್ಪನ ಹೆಸರಿತ್ತು.

ಚಿಕ್ಕಪ್ಪ ಅದನ್ನು ಓದಿದ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ, “ಅಣ್ಣಾ, ನಮ್ಮ ಮಗಳ ಮದುವೆ. ಅತ್ತಿಗೆ, ಮಕ್ಕಳ ಜೊತೆ ಮುಂಚಿತವಾಗಿ ಬಂದು ನಿಂತು ನಡೆಸಿಕೊಡ್ಬೇಕು” ಅಂದ. ‘ನಮ್ಮ’ ಎನ್ನುವಲ್ಲಿ ಅವನ ಸ್ವರ ಒಡೆಯಿತು. ಅಪ್ಪ ಒಂದು ಗಂಟೆ ಬಾಯಿಪಾಠ ಮಾಡಿದ್ದರಲ್ಲಿ ಒಂದಕ್ಷರವೂ ಹೊರಗೆ ಬರಲಿಲ್ಲ. “ನೀನೂ ಬಾರೋ” ಅಂದ, ಅಷ್ಟೇ.

ಚಿಕ್ಕಪ್ಪ ಅಣ್ಣನ ಕಾಲಿಗೆ ಬಗ್ಗಲು ಹೋದ. ಕೈಯಲ್ಲಿ ತಟ್ಟೆ. ಅಪ್ಪ ಅವನನ್ನು ಹಿಡಿದೆತ್ತಲು ಹೋದ. ಅವನ ಕೈಯಲ್ಲೂ ತಟ್ಟೆ. ಮಂಗಳದ ತಟ್ಟೆಯನ್ನು ನೆಲಕ್ಕಿಡುವ ಹಾಗಿಲ್ಲ. “ಇದನ್ನ ಹಿಡ್ಕೊಳೇ” ಎಂದು ಇಬ್ಬರೂ ಒಟ್ಟಿಗೇ ನನ್ನತ್ತ ತಿರುಗಿದರು. ನನ್ನ ಎಡಗೈಗೊಂದು, ಬಲಗೈಗೊಂದು ತಟ್ಟೆ ಬಂತು. ಚಿಕ್ಕಪ್ಪ ಬಗ್ಗಿದ, ಅಪ್ಪ ಅವನ ಭುಜ ಹಿಡಿದು ಎತ್ತಿ ಹಾಗೇ ಹಿಡಿದುಕೊಂಡು ನಿಂತ. ಅಜ್ಜಿ ಇಬ್ಬರ ತಲೆಯ ಮೇಲೂ ಕೈಯಿಟ್ಟು ಅದೇನೋ ಬೈಯುತ್ತಿದ್ದಳು. ನನಗೆ ಇವರ್ಯಾರೂ ಸರಿಯಾಗಿ ಕಾಣುತ್ತಿರಲಿಲ್ಲ. ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಅಕ್ಕ ಹೊಸಿಲು ದಾಟಿ ಓಡಿ ಬಂದಳು. ಸೆರಗಿನ ತುದಿಯಿಂದ ಮೊದಲು ನನ್ನ ಕಣ್ಣು ಒರೆಸಿದಳು, ಆಮೇಲೆ ತನ್ನದು.